ಮೂರನೆಯ ಹಾಳೆ

ಗುಡ್ರುನ್ ಹಾರ್ಟ್‌ವಿಗ್ ಮೊದಲ ದಿನವೇ ನನ್ನನ್ನು ಮನೆಯಿಂದ ಹೊರಗೆ ಹಾಕಿದರು.

2014ರ ಫೆಬ್ರವರಿ. ಲೀಡ್ಸ್‌ನ ಹೆಡಿಂಗ್ಲಿಯಲ್ಲಿ, ಒಂದಕ್ಕೊಂದು ಅಂಟಿಕೊಂಡ ಕೆಂಪು ಇಟ್ಟಿಗೆಯ ಮನೆಗಳ ಸಾಲಿನಲ್ಲಿ ಕೊನೆಯ ಮನೆ ಅವರದು. ನಾನು ಕೆಲಸ ಮಾಡುವ ಪಿಯಾನೋ ರಿಪೇರಿ ಅಂಗಡಿಯ ಮಾಲೀಕ ಬ್ಯಾರಿ, "ಆ ಜರ್ಮನ್ ಮುದುಕಿಯ ಹತ್ತಿರ ಮೂರು ಜನ ಹೋಗಿ ಬೈಸಿಕೊಂಡು ಬಂದಿದ್ದಾರೆ. ಇನ್ನು ಉಳಿದವನು ನೀನೊಬ್ಬನೇ" ಎಂದು ನಗುತ್ತ ಕಳಿಸಿದ್ದ. ನಾನು ಶ್ರುತಿ ತೋರಿಸುವ ಮಷಿನ್ ಇಟ್ಟುಕೊಂಡು ಅವರ ಪಿಯಾನೋದ ಮುಂದೆ ಎರಡು ತಾಸು ಕೂತೆ. ಎಂಬತ್ತೆಂಟು ಕೀಗಳೂ ಮಷಿನ್ ಹೇಳಿದ ಹಾಗೆಯೇ ಕೂತವು. ಗುಡ್ರುನ್ ಬಂದರು. ಎಪ್ಪತ್ತಾರು ವರ್ಷ, ಬೆಳ್ಳಗಿನ ಗಿಡ್ಡ ಕೂದಲು, ಬೆರಳ ಗೆಣ್ಣುಗಳು ಶುಂಠಿಯ ಹಾಗೆ ಉಬ್ಬಿದ್ದವು. ನಿಂತುಕೊಂಡೇ ಮೂರು ಸಲ ಕೀಗಳನ್ನು ಒತ್ತಿದರು.

"ಇದು ನಾದವಲ್ಲ, ಹೆಣ. ಹೊರಗೆ ಹೋಗಿ" ಎಂದರು.

ನನಗೆ ಸಿಟ್ಟು ಬೇಗ. "ಮಷಿನ್ ಸರಿ ಅಂತ ಹೇಳ್ತಾ ಇದೆ, ನೀವೇ ನೋಡಿ!" ಎಂದು ಕೂಗಿದೆ.

"ಮಷಿನ್ ಹೇಳುತ್ತೆ. ನಿಮ್ಮ ಕಿವಿ ಏನು ಹೇಳುತ್ತೆ?"

ಅವರದು ಜರ್ಮನ್ ಇಂಗ್ಲಿಷು, ನನ್ನದು ಗದಗಿನ ಇಂಗ್ಲಿಷು. ಆದರೂ ಆ ಪ್ರಶ್ನೆ ನನಗೆ ನೆಟ್ಟಗೆ ಬಂದು ತಾಗಿತು. ನನ್ನನ್ನು ಹಾಗೆ ಕೇಳಿದವರು ಈ ದೇಶದಲ್ಲಿ ಯಾರೂ ಇರಲಿಲ್ಲ.

"ಎಲ್ಲ ಒಂದೊಂದು ಕೂದಲೆಳೆಯಷ್ಟು ಸುಳ್ಳು ಅನ್ನುತ್ತೆ" ಎಂದೆ.

"ಮತ್ತೆ ಯಾಕೆ ಹಾಗೇ ಬಿಟ್ಟಿರಿ?" ಎಂದು ಕೇಳಿ ಬಾಗಿಲು ಹಾಕಿಕೊಂಡರು.

ಆ ಸುಳ್ಳು ಏನೆಂದು ಹೇಳಿಬಿಡುತ್ತೇನೆ, ಕಷ್ಟದ ವಿಷಯವೇನಲ್ಲ. ಈಗಿನ ಪಿಯಾನೋದಲ್ಲಿ ಹನ್ನೆರಡು ಸ್ವರಗಳ ಅಂತರವನ್ನು ಸಮನಾಗಿ ಹಂಚಿರುತ್ತಾರೆ. ಯಾವ ಸ್ವರವನ್ನು ಸಾ ಮಾಡಿಕೊಂಡು ಹೊರಟರೂ ನಡೆಯುತ್ತದೆ. ಆದರೆ ಯಾವುದೂ ಪೂರ್ತಿ ಶುದ್ಧ ಇರುವುದಿಲ್ಲ. ನನ್ನ ಅಪ್ಪ ನಾಟಕ ಕಂಪನಿಯಲ್ಲಿ ಪೇಟಿ ಮಾಸ್ತರನಾಗಿದ್ದ. ಕಾಲಿನಿಂದ ಗಾಳಿ ತುಂಬುವ ದೊಡ್ಡ ಹಾರ್ಮೋನಿಯಂ. ಕಂಪನಿಯ ಮುಖ್ಯ ನಟ ಕರಿ ನಾಲ್ಕರಲ್ಲಿ, ಅಂದರೆ ನಾಲ್ಕನೆಯ ಕಪ್ಪು ಕೀಯನ್ನು ಸಾ ಮಾಡಿಕೊಂಡು ಹಾಡುವವನಾದರೆ ಅಪ್ಪ ಇಡೀ ಪೇಟಿಯನ್ನು ಕರಿ ನಾಲ್ಕಕ್ಕೆ ಒಪ್ಪಿಸುತ್ತಿದ್ದ. ಹಿತ್ತಾಳೆಯ ರೀಡುಗಳನ್ನು ಒಂದೊಂದಾಗಿ ತೆಗೆದು ಅರದಿಂದ ಉಜ್ಜುವುದು, ಹಾಕುವುದು, ಕೇಳುವುದು, ಮತ್ತೆ ಉಜ್ಜುವುದು. ನಾನು ಏಳನೇ ಇಯತ್ತೆ ಮುಗಿಸಿ ಅವನ ಜೊತೆ ಕೂತೆ. ತಪ್ಪಿದರೆ ಅರದ ಹಿಡಿಯಿಂದಲೇ ಬೆನ್ನಿಗೆ ಬೀಳುತ್ತಿತ್ತು. "ಶ್ರುತಿ ಹತ್ತಲಿಲ್ಲಲೇ, ಇನ್ನೂ ಹತ್ತಲಿಲ್ಲ" ಎನ್ನುತ್ತಿದ್ದ. ಕಂಪನಿಗಳು ಮುಚ್ಚಿದವು, ಅಪ್ಪ ತೀರಿದ. ನನ್ನ ಹೆಂಡತಿ ಪ್ರಭಾವತಿಗೆ ಇಲ್ಲಿನ ಆಸ್ಪತ್ರೆಯಲ್ಲಿ ನರ್ಸ್ ಕೆಲಸ ಸಿಕ್ಕಿತೆಂದು ನಾನೂ ಅವಳ ಹಿಂದೆ ಲೀಡ್ಸ್‌ಗೆ ಬಂದೆ. ಪಿಯಾನೋ ಹೊರುವ ಕೆಲಸಕ್ಕೆ ಸೇರಿದವನನ್ನು ನನ್ನ ಕಿವಿ ನೋಡಿ ಬ್ಯಾರಿ ಒಳಗೆ ಕೂರಿಸಿದ. ಹತ್ತು ವರ್ಷದಿಂದ ಮಷಿನ್ ಹೇಳಿದಂತೆ ಮಾಡುತ್ತಿದ್ದೆ. ಗಿರಾಕಿಗಳು "ಲವ್ಲಿ" ಅನ್ನುತ್ತಿದ್ದರು. ಹತ್ತಲಿಲ್ಲ ಅನ್ನುವವರು ಒಬ್ಬರೂ ಇರಲಿಲ್ಲ. ಅದೊಂದು ಮಾತಿಗಾಗಿ ಮನಸ್ಸು ಎಷ್ಟು ಹಸಿದಿತ್ತೆಂದು ಗುಡ್ರುನ್ ಬಾಗಿಲು ಹಾಕಿಕೊಂಡ ಮೇಲೆ ಗೊತ್ತಾಯಿತು.

ಮರುದಿನ ಮಷಿನ್ ಬಿಟ್ಟು ಹೋದೆ.

"ಹೆರ್ ನಿಂಗಪ್ಪ" ಎಂದರು ಬಾಗಿಲು ತೆರೆದು. ಅವರ ಭಾಷೆಯಲ್ಲಿ ಅದು ಮರ್ಯಾದೆಯ ಮಾತು. "ಇವತ್ತು ಏನು ತಂದಿದ್ದೀರಿ?"

"ಕಿವಿ ತಂದೀನಿ ಮೇಡಂ. ಬೇಕಂದ್ರ ಹೇಳ್ರಿ, ಇಲ್ಲಂದ್ರ ಹೋಗ್ತೀನಿ" ಎಂದು ಸಿಟ್ಟಿನಲ್ಲಿ ಕನ್ನಡದಲ್ಲೇ ಹೇಳಿ, ಕಿವಿ ಮುಟ್ಟಿ ತೋರಿಸಿದೆ. ಅವರು ದಾರಿ ಬಿಟ್ಟರು.

ಅವರ ಕಥೆ ನನಗೆ ಒಂದೇ ದಿನ ಸಿಕ್ಕಿದ್ದಲ್ಲ. ಮಾರ್ಚ್ ತಿಂಗಳೆಲ್ಲ ಹೋಗಿ ಬಂದು ಮಾಡುತ್ತ ಚೂರು ಚೂರಾಗಿ ಕೇಳಿದ್ದು. ಪೂರ್ವ ಜರ್ಮನಿಯ ಸ್ಯಾಕ್ಸನಿಯ ಒಂದು ಸಣ್ಣ ಊರಲ್ಲಿ ಅವರ ಅಪ್ಪ ಚರ್ಚಿನ ಆರ್ಗನ್ ನುಡಿಸುವವರು, ಶಾಲೆಯಲ್ಲಿ ಸಂಗೀತದ ಮೇಷ್ಟ್ರು. ಮನೆಯ ಪಿಯಾನೋವನ್ನು ಅವರೇ ಶ್ರುತಿ ಮಾಡುತ್ತಿದ್ದರು, ಹಳೇ ಆರ್ಗನ್ನಿನ ಪದ್ಧತಿಯಲ್ಲಿ. ಇಬ್ಬರು ಹೆಣ್ಣುಮಕ್ಕಳು, ಇರ್ಮ್‌ಗಾರ್ಡ್ ಮತ್ತು ಮೂರು ವರ್ಷ ಚಿಕ್ಕವರಾದ ಗುಡ್ರುನ್. 1944ರ ಕ್ರಿಸ್‌ಮಸ್‌ಗೆ ಅಪ್ಪ ಇಬ್ಬರಿಗೂ ಸೇರಿಸಿ ಒಂದು ಸಣ್ಣ ಕೃತಿ ಬರೆದುಕೊಟ್ಟರು. ಒಂದೇ ಬೆಂಚಿನ ಮೇಲೆ ಇಬ್ಬರೂ ಕೂತು ನಾಲ್ಕು ಕೈಯಲ್ಲಿ ನುಡಿಸುವಂಥದ್ದು. ಎಡಗಡೆ ಅಕ್ಕ, ಬಲಗಡೆ ತಂಗಿ. ಜನವರಿಯಲ್ಲಿ ಅಪ್ಪನನ್ನು ಯುದ್ಧಕ್ಕೆ ಕರೆದುಕೊಂಡು ಹೋದರು. ತಿರುಗಿ ಬರಲಿಲ್ಲ. ಮುಂದಿನ ವರ್ಷದ ಚಳಿಯಲ್ಲಿ ಪಿಯಾನೋವನ್ನು ಒಡೆದು ಒಲೆಗೆ ಹಾಕಿದರು.

ಗುಡ್ರುನ್ ಲೈಪ್‌ಜಿಗ್‌ನಲ್ಲಿ ಓದಿದರು, ಬಹುಮಾನ ಗೆದ್ದರು. 1964ರಲ್ಲಿ ಸರ್ಕಾರ ಅವರನ್ನು ಇಂಗ್ಲೆಂಡಿಗೆ ಕಛೇರಿಗೆಂದು ಕಳಿಸಿತು. ಮ್ಯಾಂಚೆಸ್ಟರ್‌ನಲ್ಲಿ ಕಛೇರಿ ಮುಗಿಸಿದವರು ವಾಪಸ್ ಹೋಗುವ ಬಸ್ಸು ಹತ್ತಲಿಲ್ಲ. ಇಲ್ಲೇ ಉಳಿದುಬಿಟ್ಟರು. ದೇಶ ಬಿಟ್ಟು ಓಡಿದವಳ ಅಕ್ಕನೆಂದು ಅಲ್ಲಿ ಅದರ ಫಲ ಇರ್ಮ್‌ಗಾರ್ಡ್ ಉಂಡರು. ಶಾಲೆಯಲ್ಲಿ ಸಂಗೀತ ಕಲಿಸುತ್ತಿದ್ದವರನ್ನು ತೆಗೆದು ಬಟ್ಟೆ ಒಗೆಯುವ ಕಾರ್ಖಾನೆಗೆ ಹಾಕಿದರು. ಇಲ್ಲಿ ಗುಡ್ರುನ್ ಬರ್ಮಿಂಗ್‌ಹ್ಯಾಂ, ಮ್ಯಾಂಚೆಸ್ಟರ್, ಲೀಡ್ಸ್ ಎಂದು ಹದಿನೈದು ವರ್ಷ ದೊಡ್ಡ ದೊಡ್ಡ ಹಾಲ್‌ಗಳಲ್ಲಿ ನುಡಿಸಿದರು. ಪ್ರತಿ ಕಛೇರಿಯ ಕೊನೆಗೆ ಅಪ್ಪನ ಕೃತಿಯನ್ನು ಎರಡು ಕೈಗೆ ಒಗ್ಗಿಸಿಕೊಂಡು ನುಡಿಸುತ್ತಿದ್ದರಂತೆ. 1971ರಲ್ಲಿ ಅದರ ರೆಕಾರ್ಡ್ ಬಂತು. ಒಂದನ್ನು ಅಕ್ಕನಿಗೆ ಕಳಿಸಿದರು. ಹೇಗೆ ಕಟ್ಟಿ ಕಳಿಸಿದ್ದರೋ ಹಾಗೇ ವಾಪಸ್ ಬಂತು, ಆದರೆ ಕವರಿನ ಅಂಚು ಹರಿದು ಅಂಟಿಸಿತ್ತು. ಅಂದರೆ ಕೇಳಿಯೇ ಕಳಿಸಿದ್ದರು. ಬರ್ಲಿನ್ ಗೋಡೆ ಬಿದ್ದ ಮೇಲೆ ಗುಡ್ರುನ್ ತಾವೇ ಹೋದರು. ಅಕ್ಕ ಬಾಗಿಲು ತೆಗೆಯಲಿಲ್ಲ. ಕೈಯಲ್ಲಿ ಸಂದುನೋವು ಶುರುವಾಗಿ ಕಛೇರಿಗಳು ನಿಂತವು, ಪಾಠ ಹೇಳಿದರು, ಅದೂ ನಿಂತಿತು. ಈಗ ಇರ್ಮ್‌ಗಾರ್ಡ್‌ಗೆ ಎಪ್ಪತ್ತೊಂಬತ್ತು. ಅದೇ ಊರಿನ ವೃದ್ಧರ ಹೋಮ್‌ನಲ್ಲಿದ್ದಾರೆ, ಕಣ್ಣು ಕಾಣುವುದಿಲ್ಲ, ಕಿವಿಯೂ ಮಂದವಾಗುತ್ತಿದೆ ಎಂದು ಹೋಮ್‌ನವರು ಬರೆದಿದ್ದರು.

"ಕಾಗದ ಕಳಿಸಿದರೆ ಓದಿಸಿಕೊಳ್ಳುವುದಿಲ್ಲ. ಫೋನ್ ಮಾಡಿದರೆ ತೆಗೆದುಕೊಳ್ಳುವುದಿಲ್ಲ" ಎಂದರು ಗುಡ್ರುನ್. "ಅಪ್ಪನ ಪಿಯಾನೋ ಕೇಳಿಸಿದರೆ ಕೇಳ್ತಾಳೆ. ಕಿವಿ ಪೂರ್ತಿ ಹೋಗುವ ಮೊದಲು. ಅಪ್ಪನ ಕೃತಿ, ಅಪ್ಪನ ಶ್ರುತಿ. ನನ್ನ ಭಾಗ ಮಾತ್ರ ನುಡಿಸ್ತೀನಿ. ಅವಳ ಜಾಗ ಖಾಲಿ ಬಿಟ್ಟಿರ್ತೀನಿ."

"ಅಪ್ಪನ ಶ್ರುತಿ ಹೆಂಗಿತ್ತು ಹೇಳಿ, ಮಾಡ್ತೀನಿ."

"ಜೇನು" ಎಂದರು. ಕಣ್ಣು ಮುಚ್ಚಿಕೊಂಡರು. "ಅಷ್ಟೇ ನೆನಪಿದೆ. ಜೇನು."

ಏಳು ವರ್ಷದ ಹುಡುಗಿ ಕೇಳಿದ ಪಿಯಾನೋ, ಅರವತ್ತೆಂಟು ವರ್ಷದ ಹಿಂದೆ ಬೂದಿಯಾದದ್ದು. ಬೇರೆ ಯಾರೇ ಆಗಿದ್ದರೂ ಬಿರಡೆ ತಿರುಗಿಸುವ ಲಿವರನ್ನು ಚೀಲಕ್ಕೆ ಹಾಕಿಕೊಂಡು ಹೊರಟುಬಿಡುತ್ತಿದ್ದರು. ನಾನು ಒಂದೇ ಪ್ರಶ್ನೆ ಕೇಳಿದೆ. "ಆ ಹಾಡಿನ ಸಾ ಯಾವುದು?"

ಸಾ ಎಂದರೆ ಏನೆಂದು ಬಿಡಿಸಿ ಹೇಳಿದ ಮೇಲೆ ಅವರು ಒಂದು ಕೀ ಒತ್ತಿ ತೋರಿಸಿದರು. "ಡಿ."

ಮುಗಿಯಿತು. ಡಿಯನ್ನು ಸಾ ಮಾಡಿಕೊಂಡು, ಅಪ್ಪ ಕರಿ ನಾಲ್ಕಕ್ಕೆ ಪೇಟಿ ಒಪ್ಪಿಸಿದ ಹಾಗೆ, ಇಡೀ ಪಿಯಾನೋವನ್ನು ಅದೊಂದಕ್ಕೇ ಒಪ್ಪಿಸಲು ಕೂತೆ. ಇನ್ನೂರ ಮೂವತ್ತು ತಂತಿ, ಅಷ್ಟೇ ಬಿರಡೆ. ನಾಲ್ಕು ಭಾನುವಾರ ಹಿಡಿಯಿತು. ಗುಡ್ರುನ್ ಪಕ್ಕದ ಕುರ್ಚಿಯಲ್ಲಿ ಕೂತು ಬೈಯುತ್ತಿದ್ದರು.

"ಅಲ್ಲ!"

"ಮೇಡಂ, ಇನ್ನೂ ಬಿಟ್ಟಿಲ್ಲ ನಾನು, ಕೈ ತೆಗೆಯೋ ತನಕ ತಡೀರಿ!"

"ಕೈ ತೆಗೆದಾಗಲೂ ಅಲ್ಲ ಅಂತಲೇ ಹೇಳ್ತೀನಿ."

"ಹಂಗಾದ್ರೆ ನೀವೇ ಬಂದು ತಿರುಗಿಸಿ!"

"ಈ ಕೈಯಲ್ಲಿ ತಿರುಗಿಸೋಕೆ ಆಗ್ತಿದ್ದರೆ ನಿಮ್ಮ ಮುಖ ಯಾಕೆ ನೋಡ್ತಿದ್ದೆ?"

ಮನೆಗೆ ಬಂದರೆ ಪ್ರಭಾವತಿ, "ಏನ್ರಿ, ಭಾನುವಾರ ಬಂದ್ರ ಆ ಅಜ್ಜಿ ಕಡೆ ಬೈಸಿಕೊಳ್ಳಾಕ ಹೋಗೋದು, ಬಂದು ಸೀಟಿ ಹೊಡಕೋತ ಅಡ್ಡಾಡೋದು. ನಾ ಬೈದ್ರ ಮಾತ್ರ ಊಟಾ ಬಿಡ್ತೀರಿ" ಎನ್ನುತ್ತಿದ್ದಳು.

ನಾಲ್ಕನೆಯ ಭಾನುವಾರ ಗುಡ್ರುನ್ ಡಿಯ ಮೇಲೆ ಕೈಯಿಟ್ಟು ಮೂರು ಸ್ವರ ಒಟ್ಟಿಗೆ ಒತ್ತಿದರು. ಸದ್ದು ಪೂರ್ತಿ ಆರುವವರೆಗೆ ಕೈ ಎತ್ತಲಿಲ್ಲ. ನಾನು ಅಡುಗೆಮನೆಗೆ ಹೋಗಿ ನೀರು ಕುಡಿದು ಬಂದೆ.

ರೆಕಾರ್ಡಿಂಗ್ ಪ್ರಭಾವತಿಯ ಫೋನಿನಲ್ಲಿ ಎಂದಾಯಿತು. ಅವಳ ಡ್ಯೂಟಿ ಪಟ್ಟಿ ನೋಡಿ ಬುಧವಾರ ಬೆಳಿಗ್ಗೆ ಗೊತ್ತು ಮಾಡಿದೆವು. ಗುಡ್ರುನ್ ಬಿಸಿನೀರಲ್ಲಿ ಕೈ ಅದ್ದಿಕೊಂಡು ಕೂತಿದ್ದರು. ಒಳ್ಳೆಯ ದಿನ ಎಂದರೂ ಆ ಕೈಗಳು ಒಂದು ಸಲ, ಬಹಳವೆಂದರೆ ಎರಡು ಸಲ ನುಡಿಸಬಲ್ಲವಾಗಿದ್ದವು. ಅಪ್ಪನ ಕೈಬರಹದ ನಾಲ್ಕು ಹಾಳೆಗಳನ್ನು ಎದುರಿಗೆ ಜೋಡಿಸಿದರು. ಮೂರು ಹಾಳೆಗಳ ಮೂಲೆಗಳು ಬೆರಳು ತಾಗಿ ತಾಗಿ ಕಪ್ಪಾಗಿ ಸವೆದಿದ್ದವು. ಮೂರನೆಯದು ಮಾತ್ರ ಹೊಸದರ ಹಾಗಿತ್ತು.

"ಇದ್ಯಾಕೆ ಹಿಂಗೆ?" ಎಂದು ಕೇಳಿದೆ.

"ಅದನ್ನು ನಾನು ಯಾವತ್ತೂ ನುಡಿಸಲಿಲ್ಲ. ಕಛೇರಿಯಲ್ಲೂ ಇಲ್ಲ, ರೆಕಾರ್ಡಲ್ಲೂ ಇಲ್ಲ. ಎರಡರಿಂದ ನೇರ ನಾಲ್ಕಕ್ಕೆ ಹೋಗ್ತಿದ್ದೆ. ಆ ಹಾಳೆಯಲ್ಲಿ ಏನೂ ಇಲ್ಲ. ಸುಮ್ಮನೆ ಬೇರೆಲ್ಲೋ ಹೋಗಿ ಸಪ್ಪೆಯಾಗಿ ಸುತ್ತಿ ಬರುತ್ತೆ. ಹಳ್ಳಿ ಮೇಷ್ಟ್ರು ಬರೆದದ್ದು, ಅಲ್ಲಿ ಕೈ ಸೋತಿತ್ತು ಅಂದುಕೊಂಡೆ." ಸ್ವಲ್ಪ ತಡೆದು, "ಇವತ್ತು ನುಡಿಸ್ತೀನಿ. ಇರ್ಮ್‌ಗಾರ್ಡ್‌ಗೆ ಪೂರ್ತಿ ಕೊಡಬೇಕು" ಎಂದರು.

ಬೆಂಚಿನ ಬಲ ಅರ್ಧದಲ್ಲಿ ಕೂತರು.

"ನಡುವ ಕೂಡ್ರಾಕ ಹೇಳ್ರಿ, ಬಿದ್ದಾರು" ಎಂದು ಪ್ರಭಾವತಿ ನನ್ನ ಕಿವಿಯಲ್ಲಿ ಹೇಳಿದಳು.

"ಸುಮ್ಮಕಿರು. ಅದು ಅಕ್ಕನ ಜಾಗ."

ಶುರುವಾಯಿತು. ಮೊದಲ ಹಾಳೆ, ಎರಡನೇ ಹಾಳೆ. ನಾನು ಹತ್ತು ವರ್ಷದಲ್ಲಿ ಈ ದೇಶದ ಯಾವ ಪಿಯಾನೋದಿಂದಲೂ ಅಂಥ ನಾದ ಕೇಳಿರಲಿಲ್ಲ. ಎಡಗಡೆ ಯಾರೂ ಇಲ್ಲದ್ದು ಸಹ ಕೇಳಿಸುತ್ತಿತ್ತು, ಹಾಡಿನ ನಡುನಡುವೆ ಒಬ್ಬರು ಉಸಿರು ಹಿಡಿದು ನಿಂತ ಹಾಗೆ. ಹಾಳೆ ತಿರುಗಿತು. ಮೂರನೆಯದು.

ಅಲ್ಲಿ ಹಾಡು ತನ್ನ ಸಾ ಬಿಟ್ಟು ಬೇರೊಂದು ಸ್ವರವನ್ನು ಸಾ ಮಾಡಿಕೊಂಡಿತು. ನಮ್ಮ ಕಡೆ ಹಾಡು ಹೊರಟ ಮೇಲೆ ಯಾವ ಪೇಟಿ ಮಾಸ್ತರನಾದರೂ ಸಾ ಬದಲಾದೀತೆಂದು ಕನಸಿನಲ್ಲೂ ನೆನೆಸುವುದಿಲ್ಲ. ನಾನೂ ನೆನೆಸಿರಲಿಲ್ಲ, ಗುಡ್ರುನ್ ಅವರನ್ನು ಕೇಳಿಯೂ ಇರಲಿಲ್ಲ. ಡಿಯೊಂದಕ್ಕೇ ಒಪ್ಪಿಸಿದ್ದ ನನ್ನ ಪಿಯಾನೋ, ದೂರದ ಆ ಸ್ವರಗಳು ಒಟ್ಟಿಗೆ ಬಿದ್ದ ತಕ್ಷಣ ಊಳಿಟ್ಟಿತು. ಸುಮ್ಮನೆ ಅಪಸ್ವರ ಅಲ್ಲ. ಜೀವ ಇರುವ ಏನೋ ಒಂದು ಪೆಟ್ಟಿಗೆಯೊಳಗಿಂದ ಅಳುವ ಹಾಗೆ. ಗುಡ್ರುನ್ ಬೆಚ್ಚಿ ಕೈ ಎತ್ತಿಬಿಟ್ಟರು.

ನನ್ನ ಮೈ ಉರಿಯಿತು. ನನ್ನ ಮೇಲಿನ ಸಿಟ್ಟನ್ನು ಅವರ ಮೇಲೆ ಹಾಕಿದೆ. "ನೀವು ಯಾಕೆ ಮೊದಲೇ ಹೇಳಲಿಲ್ಲ, ನಡುವೆ ಬೇರೆ ಕಡೆ ಹೋಗುತ್ತೆ ಅಂತ? ಒಂದು ಹಾಡು, ಒಂದು ಸಾ! ಎರಡು ಬೇಕಿದ್ದರೆ ಎರಡು ಪಿಯಾನೋ ತರಿಸಬೇಕಿತ್ತು! ನಾಲ್ಕು ಭಾನುವಾರ ನನ್ನ ಸೊಂಟ ಮುರಕೊಂಡೀನಿ—"

"ಏ, ಬಾಯಿ ಮುಚ್ಚರಿ" ಎಂದಳು ಪ್ರಭಾವತಿ. "ಅವರನ್ನ ನೋಡ್ರಿ."

ಗುಡ್ರುನ್ ಬಾಯಿಗೆ ಕೈ ಅಡ್ಡ ಹಿಡಿದಿದ್ದರು. ಭುಜ ಕುಣಿಯುತ್ತಿತ್ತು. ಅಳುತ್ತಿದ್ದಾರೆಂದುಕೊಂಡೆ. ಕೈ ತೆಗೆದಾಗ ನಗುತ್ತಿದ್ದರು, ಕಣ್ಣಿಂದ ನೀರು ಸುರಿಯುತ್ತಿತ್ತು.

"ತೋಳ" ಎಂದರು. "ಅಪ್ಪನ ತೋಳ."

ಮತ್ತೆ ಅದೇ ಸ್ವರಗಳನ್ನು ಒತ್ತಿದರು. ಮತ್ತೆ ಊಳು.

"ಚಳಿಗಾಲದ ಕಾಡು, ಇಬ್ಬರು ಹುಡುಗಿಯರು ನಡಕೊಂಡು ಹೋಗ್ತಿದ್ದಾರೆ, ಮೂರನೆಯ ಹಾಳೆಯಲ್ಲಿ ತೋಳ ಬರುತ್ತೆ. ಅಪ್ಪ ತನ್ನ ಪಿಯಾನೋ ಎಲ್ಲಿ ಊಳಿಡುತ್ತೆ ಅಂತ ಗೊತ್ತಿದ್ದೇ ಅಲ್ಲಿಗೆ ಕರಕೊಂಡು ಹೋಗಿದ್ದ. ಇರ್ಮ್‌ಗಾರ್ಡ್ ಅಲ್ಲಿಗೆ ಬಂದ ಕೂಡಲೇ ನನ್ನ ಕತ್ತು ಕಚ್ಚೋಕೆ ಬರ್ತಿದ್ದಳು. ನಾವಿಬ್ಬರೂ ಬೆಂಚಿನಿಂದ ಕೆಳಗೆ ಬೀಳ್ತಿದ್ದೆವು." ಅವರ ನಗು ನಿಂತಿತು. "ಅಂತರ ಸಮ ಮಾಡಿದ ಬೇರೆ ಪಿಯಾನೋಗಳಲ್ಲಿ ತೋಳ ಇರಲಿಲ್ಲ. ನಾನು ಮರೆತೇಬಿಟ್ಟೆ, ಹೆರ್ ನಿಂಗಪ್ಪ. ಜೇನು ಇಟ್ಟುಕೊಂಡೆ, ತೋಳವನ್ನು ಮರೆತೆ. ಸಪ್ಪೆ ಅಂತ ಕಿತ್ತು ಹಾಕಿದೆ. ರೆಕಾರ್ಡಿಂದಲೂ."

ಆ ರೆಕಾರ್ಡ್ ಯಾಕೆ ವಾಪಸ್ ಬಂತೆಂದು ನಾವ್ಯಾರೂ ಬಾಯಿಬಿಟ್ಟು ಹೇಳಲಿಲ್ಲ. ಇರ್ಮ್‌ಗಾರ್ಡ್ ಬಟ್ಟೆ ಒಗೆಯುವ ಕಾರ್ಖಾನೆಯಿಂದ ಬಂದು, ಕೈ ಒರೆಸಿಕೊಂಡು, ತಂಗಿಯ ರೆಕಾರ್ಡ್ ಹಾಕಿಕೊಂಡು ಕೂತದ್ದು, ಎರಡನೆಯ ಹಾಳೆ ಮುಗಿಯುತ್ತಲೇ ತೋಳಕ್ಕಾಗಿ ಕಾದದ್ದು ನನ್ನ ಕಣ್ಣಿಗೆ ಕಟ್ಟಿತು. ಬಸ್ಸು ಹತ್ತದೆ ಉಳಿದುಕೊಂಡದ್ದನ್ನು ಆಕೆ ಕ್ಷಮಿಸಿದ್ದರೂ ಕ್ಷಮಿಸಿರಬಹುದು. ಇದನ್ನು ನಾನಾಗಿದ್ದರೆ ಕ್ಷಮಿಸುತ್ತಿರಲಿಲ್ಲ.

ಗುಡ್ರುನ್ ಮತ್ತೆ ಬಿಸಿನೀರಲ್ಲಿ ಕೈ ಅದ್ದಿ, ಮೊದಲಿಂದ ನುಡಿಸಿದರು. ನಾಲ್ಕೂ ಹಾಳೆ. ಮುಗಿಯುವ ಹೊತ್ತಿಗೆ ಎಡಗೈಯ ಎರಡು ಬೆರಳು ಮಡಿಚಿಕೊಂಡು ನಿಂತುಬಿಟ್ಟವು. ಪ್ರಭಾವತಿ ಹತ್ತಿರ ಕೂತು ಅವುಗಳನ್ನು ನಿಧಾನ ಬಿಡಿಸಿದಳು.

"ಹೋಮ್‌ನವರಿಗೆ ಬರೀರಿ" ಎಂದು ನನಗೆ ಹೇಳಿದಳು. "ಮುಂಜಾನಿ ನಾಷ್ಟಾ ಆದ ಮ್ಯಾಲೆ ಕೇಳಸಾಕ ಹೇಳ್ರಿ. ಮಧ್ಯಾಹ್ನ ಈ ವಯಸ್ಸಿನವ್ರು ಎಚ್ಚರಾ ಇರಂಗಿಲ್ಲ. ದೊಡ್ಡ ಹೆಡ್‌ಫೋನ್ ಹಾಕಂತ ಹೇಳ್ರಿ." ರೆಕಾರ್ಡಿಂಗ್ ಜೊತೆ ಬರೆದು ಕಳಿಸಿದ್ದು ಅವಳೇ. ನಾನು ಸ್ಪೆಲ್ಲಿಂಗ್ ತಪ್ಪುತ್ತೇನೆ.

ಹನ್ನೊಂದು ದಿನ ಏನೂ ಬರಲಿಲ್ಲ. ಗುಡ್ರುನ್ ನನಗೆ ದಿನಾ ಫೋನ್ ಮಾಡಿ, ಏನೂ ಬಂದಿಲ್ಲವೆಂದು ತಿಳಿಸಿ ಇಡುತ್ತಿದ್ದರು. ಹನ್ನೆರಡನೆಯ ದಿನ ಪ್ರಭಾವತಿಯ ಫೋನಿಗೆ ಬಂತು. ಹೋಮ್‌ನ ಹುಡುಗಿಯೊಬ್ಬಳು ಟೈಪ್ ಮಾಡಿದ್ದಳು. ಜರ್ಮನ್‌ನಲ್ಲಿ ಎರಡೇ ಸಾಲು. ಮೇಲೆ ಹೆಸರಿಲ್ಲ, ಕೆಳಗೆ ಸಹಿಯಿಲ್ಲ. ನಾವಿಬ್ಬರೂ ಆ ಸಂಜೆಯೇ ಹೆಡಿಂಗ್ಲಿಗೆ ಓಡಿದೆವು. ಗುಡ್ರುನ್ ಕನ್ನಡಕ ಹಾಕಿಕೊಂಡು ಓದಿದರು, ಮತ್ತೆ ಓದಿದರು, ಆಮೇಲೆ ನಮಗೆ ಇಂಗ್ಲಿಷಿನಲ್ಲಿ ಹೇಳಿದರು.

"ತೋಳಕ್ಕೆ ಹಲ್ಲು ಸಾಲದು. ಅಪ್ಪನದು ಇದಕ್ಕಿಂತ ಕೆಟ್ಟದಾಗಿ ಊಳಿಡುತ್ತಿತ್ತು."

ಐವತ್ತು ವರ್ಷದ ಮೇಲೆ ಅಕ್ಕ ತಂಗಿಗೆ ಹೇಳಿದ ಮೊದಲ ಮಾತು. ಅದು ನನ್ನ ಕೆಲಸದ ಮೇಲಿನ ದೂರು. ಹತ್ತಲಿಲ್ಲಲೇ ಎಂದು ಯಾರೋ ಬೆನ್ನಿಗೆ ಹಾಕಿದ ಹಾಗಾಯಿತು.

"ಲಿವರ್ ತಂದಿದ್ದೀರಾ?" ಎಂದರು ಗುಡ್ರುನ್.

ಅವತ್ತೂ ಮಾಡಿದೆ, ಆ ವಾರವೆಲ್ಲ ಮಾಡಿದೆ. ಒಂದು ತಂತಿ ಇಳಿಸುವುದು, ಒಂದು ಏರಿಸುವುದು. "ಇದಾ?" "ಅಲ್ಲ." "ಇದು?" "ಗೊತ್ತಿಲ್ಲ." ಅದೇ ಕಷ್ಟ. ಅವರು ಅಲ್ಲ ಎನ್ನುವಾಗ ನನಗೆ ಹೆದರಿಕೆಯಿರಲಿಲ್ಲ, ಗೊತ್ತಿಲ್ಲ ಎನ್ನತೊಡಗಿದಾಗ ಕೈ ಆಡಲಿಲ್ಲ. ಶನಿವಾರದ ಹೊತ್ತಿಗೆ ಗುಡ್ರುನ್ ಕಿಟಕಿಯ ಕಡೆ ತಿರುಗಿ ಕೂತರು. "ನನಗೆ ಕೇಳಿಸ್ತಾ ಇಲ್ಲ. ಆಗ ನನಗೆ ಏಳು ವರ್ಷ. ಅವಳಿಗೆ ಹತ್ತು. ಅವಳ ಕಿವಿಯಲ್ಲೇ ಇದೆ ಅದು."

"ಹಂಗಾದ್ರೆ ಅವರನ್ನೇ ಕೇಳಿ" ಎಂದೆ.

"ಅವಳು ಫೋನ್ ತೆಗೆದುಕೊಳ್ಳೋದಿಲ್ಲ."

"ತಂಗಿ ಮಾಡಿದರೆ ತಗೊಳ್ಳಲ್ಲ. ಪಿಯಾನೋ ರಿಪೇರಿಯವನು ಮಾಡ್ತೀನಿ."

ಭಾನುವಾರ ಬೆಳಿಗ್ಗೆ ಹತ್ತಕ್ಕೆ, ಅಲ್ಲಿ ಹನ್ನೊಂದು, ಪ್ರಭಾವತಿ ಹೋಮ್‌ಗೆ ಫೋನ್ ಹಚ್ಚಿ, ಇಂಥ ಕೆಲಸಕ್ಕೆಂದು ಹೇಳಿ, ಸ್ಪೀಕರ್ ಹಾಕಿ ಪಿಯಾನೋದ ಮೇಲಿಟ್ಟಳು. ಆ ಕಡೆ ಕುರ್ಚಿ ಎಳೆದ ಸದ್ದು, ಹುಡುಗಿಯ ದನಿ, ಆಮೇಲೆ ಒಂದು ಭಾರದ ಉಸಿರು. ಗುಡ್ರುನ್ ಆ ಉಸಿರು ಕೇಳಿ ಎದ್ದು ನಿಂತರು. ಬಾಯಿ ತೆರೆದರು. ನಾನು ಕೈ ಅಡ್ಡ ಮಾಡಿ, ಮೊದಲು ಸ್ವರ ಎಂದು ಸನ್ನೆ ಮಾಡಿದೆ. ಅವರು ಕೂತು ತೋಳದ ಸ್ವರಗಳನ್ನು ಒತ್ತಿದರು.

ಆ ಕಡೆಯಿಂದ ಒರಟು ಹೆಂಗಸಿನ ದನಿ. "ಟೀಫರ್."

ನನಗೆ ಜರ್ಮನ್ ಬಾರದು. ಆದರೆ ಕೆಳಗೆ ಎಂದದ್ದು ಆ ದನಿಯಲ್ಲೇ ಇತ್ತು. ತಿರುಗಿಸಿದೆ. ಗುಡ್ರುನ್ ಒತ್ತಿದರು.

"ಟೀಫರ್!"

ಮತ್ತೆ ತಿರುಗಿಸಿದೆ. ಈಗ ಅದು ಕೇಳಲಾರದಷ್ಟು ಕೆಟ್ಟದಾಗಿ ಅರಚಿತು. ಗುಡ್ರುನ್ ತಲೆ ಅಲ್ಲಾಡಿಸಿ ಫೋನಿಗೆ ಬಾಗಿ ಏನೋ ಅಂದರು, ಅವರ ಬಾಯಿಂದ ನಾನು ಕೇಳಿದ ಮೊದಲ ಜರ್ಮನ್ ವಾಕ್ಯ. ಅದು ಕ್ಷಮೆಯ ಮಾತಿನಂತೆ ಇರಲಿಲ್ಲ. ಆ ಕಡೆಯಿಂದ ತಕ್ಷಣ ಉತ್ತರ ಸಿಡಿಯಿತು. ಇವರು ದನಿ ಏರಿಸಿದರು. ಅವರು ಅದಕ್ಕಿಂತ ಏರಿಸಿದರು. ನಡುವೆ ಹೋಮ್‌ನ ಹುಡುಗಿ ಏನೋ ಸಮಾಧಾನ ಹೇಳಲು ಹೋಗಿ ಬೈಸಿಕೊಂಡಳು.

"ಜಗಳಾ ಹತ್ತಿದ್ರಲ್ರಿ" ಎಂದಳು ಪ್ರಭಾವತಿ ಗಾಬರಿಯಾಗಿ. "ಏನಂತ?"

"ಒಬ್ಬರು ಇಷ್ಟು ಇಳಿದದ್ದು ಜಾಸ್ತಿ ಅಂತಾರ, ಇನ್ನೊಬ್ಬರು ಸಾಲದು ಅಂತಾರ."

"ನಿಮಗ ಹೆಂಗ ತಿಳೀತು?"

"ಇನ್ನೇನಿರತೈತಿ?"

"ಬಿಡಸ್ರಿ ಮತ್ತ."

"ನಾ ಯಾಕ ಬಿಡಸ್ಲಿ? ಐವತ್ತು ವರ್ಷದ ಮ್ಯಾಲೆ ಮಾತಾಡಾಕ ಹತ್ಯಾರ."

ಅವಳು ಗಡಿಯಾರ ನೋಡಿಕೊಂಡು, ಡ್ಯೂಟಿಗೆ ಹೊತ್ತಾಯಿತೆಂದು ಫೋನನ್ನು ಅಲ್ಲೇ ಬಿಟ್ಟು ಹೋದಳು. ನಾನು ಕದಲಲಿಲ್ಲ. ಲಿವರ್ ಬಿರಡೆಯ ಮೇಲೇ ಇತ್ತು. ಯಾವ ಕಡೆ ತಿರುಗಿಸಬೇಕೆಂದು ಅವರಿಬ್ಬರೂ ಇನ್ನೂ ಒಪ್ಪಿರಲಿಲ್ಲ.